ಹಳೇ ಇಂಡಸ್ಟ್ರಿಯಲ್ ಹೊಲಿಗೆ ಮಷಿನ್ ತಂದು ತೊಗಲು ಹೊಲಿಯಲು ಹೊಂದಿಸುವುದು: ಕಲಬುರಗಿಯಿಂದ ಒಂದು ಸಮಗ್ರ ಮಾರ್ಗದರ್ಶಿ

ಕಲಬುರಗಿಯಲ್ಲಿ ಅಂಗಡಿಗೆ ಹೋಗಿ "ಇಂಡಸ್ಟ್ರಿಯಲ್ ಹೊಲಿಗೆ ಮಷಿನ್ ಇದೆಯಾ?" ಎಂದು ಕೇಳಿದರೆ ಎಷ್ಟೋ ಸಲ ಮೊದಲು ತೋರಿಸುವುದು ತೊಗರಿ ಬೇಳೆ ಚೀಲದ ಬಾಯಿ ಹೊಲಿಯುವ ಮಷಿನ್. ತಪ್ಪು ಅವರದಲ್ಲ. ಈ ಊರಲ್ಲಿ ದಾಲ್ ಮಿಲ್‌ಗಳು ಅಷ್ಟಿವೆ. ಆ ಮಷಿನ್ ಹಾಕುವುದು ಸರಪಳಿ ಹೊಲಿಗೆ. ಸರಿಯಾದ ತುದಿ ಹಿಡಿದು ಎಳೆದರೆ ಸರ್ರನೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಚೀಲಕ್ಕೆ ಅದೇ ಬೇಕು. ಬೆಲ್ಟಿಗೆ, ಬ್ಯಾಗಿಗೆ ಹಾಗಾದರೆ ಕೆಲಸ ಕೆಟ್ಟಿತು.

ನಾನು ಆ ಮಷಿನ್ ತರಲಿಲ್ಲ. ಬೇರೆ ತಪ್ಪು ಮಾಡಿದೆ. ಬಾಗಿಲು ಮುಚ್ಚಿದ ಒಂದು ಗಾರ್ಮೆಂಟ್ ಯುನಿಟ್‌ನಿಂದ ಜೂಕಿ ಡಿಡಿಎಲ್-8700 ಎಂಬ ಬಟ್ಟೆ ಹೊಲಿಯುವ ಮಷಿನ್ ತಂದೆ. ಫಳಫಳ ಹೊಳೆಯುತ್ತಿತ್ತು. ಶರ್ಟಿನ ಬಟ್ಟೆ ಇಟ್ಟು ಓಡಿಸಿ ತೋರಿಸಿದರು, ನೀರು ಹರಿದ ಹಾಗೆ ಓಡಿತು. ಮನೆಗೆ ತಂದು ಬೆಲ್ಟಿನ ತೊಗಲು ಎರಡು ಪದರ ಇಟ್ಟೆ. ಮೊದಲ ಹೊಲಿಗೆಗೇ ಸೂಜಿ ಬಾಗಿತು. ಎರಡನೇ ಸೂಜಿ ಮುರಿದು ಕನ್ನಡಕಕ್ಕೆ ಬಡಿಯಿತು. ಮೂರನೆಯದು ಹೇಗೋ ಒಳಗೆ ಹೋಯಿತು, ಆದರೆ ಕೆಳಗಿನ ಪದರ ಮುಂದೆ ಓಡಿ ಮೇಲಿನದು ಹಿಂದೆ ಉಳಿಯಿತು. ಮಷಿನ್ ಕೆಟ್ಟಿದೆ ಅಂದುಕೊಂಡು ಒಂದು ತಿಂಗಳು ಅದರ ಟೈಮಿಂಗ್, ಅಂದರೆ ಸೂಜಿಗೂ ಕೆಳಗೆ ತಿರುಗಿ ದಾರ ಹಿಡಿಯುವ ಹುಕ್‌ಗೂ ಇರುವ ಹೊಂದಾಣಿಕೆ, ಬಿಚ್ಚುವುದು, ಕೂರಿಸುವುದು ಇದೇ ಆಯಿತು. ಮಷಿನ್ ಕೆಟ್ಟಿರಲೇ ಇಲ್ಲ. ಕೆಡಿಸಿದ್ದು ನಾನೇ.

ಹಾಗಾಗಿ ಈ ಬರಹದಲ್ಲಿ ಕ್ರಮವೇ ಮುಖ್ಯ. ಮೊದಲು ಸರಿಯಾದ ಜಾತಿಯ ಮಷಿನ್. ಆಮೇಲೆ ತೊಳೆಯುವುದು, ವೇಗ ಇಳಿಸುವುದು, ಸೂಜಿ-ದಾರ ಹೊಂದಿಸುವುದು, ಪಾದ, ಟೆನ್ಷನ್ (ದಾರದ ಬಿಗಿ). ಟೈಮಿಂಗ್ ಮುಟ್ಟುವುದು ಎಲ್ಲಕ್ಕಿಂತ ಕೊನೆಗೆ. ಹೊಸಬರು ಇದನ್ನು ತಲೆಕೆಳಗು ಮಾಡುತ್ತಾರೆ.

ಯಾವ ಮಷಿನ್ ಹುಡುಕಬೇಕು

ಬಟ್ಟೆ ಮಷಿನ್‌ನಲ್ಲಿ ಬಟ್ಟೆಯನ್ನು ಮುಂದೆ ತಳ್ಳುವುದು ಸೂಜಿ ಇಳಿಯುವ ತಗಡಿನ ಕೆಳಗಿನ ಹಲ್ಲು ಮಾತ್ರ. ಮೇಲಿನ ಪಾದ ಸುಮ್ನೆ ಒತ್ತಿ ಹಿಡಿದಿರುತ್ತದೆ. ತೊಗಲು ಪಾದಕ್ಕೆ ಅಂಟಿಕೊಳ್ಳುತ್ತದೆ, ಜಾರುವುದಿಲ್ಲ. ಅದಕ್ಕೇ ಮೇಲಿನ ಪದರ ಹಿಂದೆ ಬೀಳುವುದು.

ತೊಗಲಿಗೆ ಬೇಕಾದದ್ದು ವಾಕಿಂಗ್ ಫುಟ್ ಮಷಿನ್. ಇದರಲ್ಲಿ ಪಾದ ಎರಡು ಇರುತ್ತವೆ, ಒಳಗೊಂದು ಹೊರಗೊಂದು. ಮನುಷ್ಯ ನಡೆದ ಹಾಗೆ ಒಂದು ಎತ್ತುತ್ತದೆ, ಒಂದು ಊರುತ್ತದೆ. ಒಳಗಿನ ಪಾದ, ಸೂಜಿ, ಕೆಳಗಿನ ಹಲ್ಲು ಮೂರೂ ಒಟ್ಟಿಗೆ ಹಿಂದಕ್ಕೆ ಸರಿಯುತ್ತವೆ. ಸೂಜಿ ತೊಗಲಿನೊಳಗೆ ಇರುವಾಗಲೇ ಅದನ್ನು ಹಿಡಿದು ಎಳೆಯುವುದರಿಂದ ಪದರ ಜಾರಲು ದಾರಿಯೇ ಇಲ್ಲ. ಇದನ್ನು ಕಾಂಪೌಂಡ್ ಫೀಡ್ ಎನ್ನುತ್ತಾರೆ. ಹಳೇ ಮಾಲಿನಲ್ಲಿ ಜೂಕಿ ಎಲ್‌ಯು-563, ಜೂಕಿ ಡಿಎನ್‌ಯು-1541, ಸಿಂಗರ್ 111 ಡಬ್ಲ್ಯೂ 155, ಚೀನಾದಲ್ಲಿ ಮಾಡಿದ ಇದೇ ನಮೂನೆಯವು ಸಿಗುತ್ತವೆ. ಒಂದು ಹೋಲಿಕೆ ಹೇಳುತ್ತೇನೆ. ಡಿಡಿಎಲ್-8700 ನಿಮಿಷಕ್ಕೆ 5,500 ಹೊಲಿಗೆ ಹಾಕಬಲ್ಲದು. ಡಿಎನ್‌ಯು-1541ರ ಮಿತಿ 2,500. ಆದರೆ ಅದರ ಹೊಲಿಗೆಯ ಉದ್ದ 9 ಮಿಮೀ ತನಕ ಹೋಗುತ್ತದೆ, ಮೊಣಕಾಲಿನ ಕಡ್ಡಿ ಒತ್ತಿದರೆ ಮಷಿನ್‌ನ ಪಾದ 16 ಮಿಮೀ ಏಳುತ್ತದೆ. ಒಂದು ಓಡಲು ಹುಟ್ಟಿದ್ದು, ಇನ್ನೊಂದು ಹೊರಲು.

ಆಕಾರ ನಿಮ್ಮ ಕೆಲಸದ ಮೇಲೆ. ಪರ್ಸು, ಬೆಲ್ಟು, ಫೈಲ್ ಕವರ್‌ಗೆ ಸಪಾಟು ತಳದ ಫ್ಲ್ಯಾಟ್‌ಬೆಡ್ ಸಾಕು. ಬ್ಯಾಗಿನ ಸುತ್ತ ಹೊಲಿಯಲು ಕೊಳವೆಯಂಥ ತೋಳಿನ ಸಿಲಿಂಡರ್ ಆರ್ಮ್ ಅನುಕೂಲ. ಬೂಟಿನ ಮೇಲ್ಭಾಗಕ್ಕೆ ಕಂಬದಂತೆ ನಿಂತ ಪೋಸ್ಟ್‌ಬೆಡ್. ಚಪ್ಪಲಿ-ಬೂಟು ರಿಪೇರಿಯವರ ಬಳಿ ಕಾಣುವ ಸಿಂಗರ್ 29ಕೆ ಥರದ ಪ್ಯಾಚರ್‌ನ ಪಾದ ಸುತ್ತಲೂ ತಿರುಗುತ್ತದೆ. ರಿಪೇರಿಗೆ ಅದು ರಾಜ. ಆದರೆ ಕೆಳಗಿನ ದಾರ ಸುತ್ತುವ ಬಾಬಿನ್ ಚಿಕ್ಕದು, ಉದ್ದ ನೇರ ಹೊಲಿಗೆಗೆ ಬೇಜಾರು ಮಾಡುತ್ತದೆ. ಮೊದಲ ಮಷಿನ್ ಆಗಿ ನಾನು ಫ್ಲ್ಯಾಟ್‌ಬೆಡ್ ವಾಕಿಂಗ್ ಫುಟ್ಟನ್ನೇ ಹೇಳುವುದು.

ಆಗಲೇ ಬಟ್ಟೆ ಮಷಿನ್ ತಂದುಬಿಟ್ಟಿದ್ದೀರಾ? ಎಸೆಯಬೇಡಿ. ಮೆತ್ತನೆಯ ತೊಗಲು, ಎರಡು ಪದರ ಸೇರಿ 2 ಮಿಮೀ ಒಳಗೆ ಇದ್ದರೆ, ಟೆಫ್ಲಾನ್ ಪಾದ ಇಲ್ಲವೇ ಸಣ್ಣ ಗಾಲಿಯ ರೋಲರ್ ಪಾದ ಹಾಕಿ ಹೊಲಿಯಬಹುದು. ಅದಕ್ಕಿಂತ ದಪ್ಪಕ್ಕೆ ಆಸೆ ಪಡಬೇಡಿ.

ಹಣದ ವಿಷಯ ಒಂದು ಮಾತು. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಪಾದರಕ್ಷೆ ಮಾಡುವವರ ಕಸುಬೂ ಇದೆ. ಉಪಕರಣಕ್ಕೆ 15,000 ರೂಪಾಯಿ ತನಕ ನೆರವು, 5% ಬಡ್ಡಿಗೆ ಮೊದಲ ಕಂತಿನಲ್ಲಿ 1 ಲಕ್ಷದವರೆಗೆ ಸಾಲ. ನಿಮ್ಮ ಕೆಲಸ ಇದರೊಳಗೆ ಬರುತ್ತದಾದರೆ ಕೇಳಿ ನೋಡಿ.

ನೋಡಲು ಹೋದಾಗ

ನಮ್ಮ ಕಡೆಯವರು ಹಳೇ ಮಷಿನ್‌ಗೆ ಸೊಲ್ಲಾಪುರಕ್ಕೆ ಇಲ್ಲವೇ ಹೈದರಾಬಾದಿಗೆ ಹೋಗುವುದು ಜಾಸ್ತಿ. ಎರಡೂ ಕಡೆಗೆ ರೈಲಿದೆ. ಹೋಗುವಾಗ ಮೂರು ವಸ್ತು ಜೇಬಿನಲ್ಲಿರಲಿ. ನೀವು ನಿಜವಾಗಿ ಹೊಲಿಯುವ ತೊಗಲಿನ ತುಂಡುಗಳು, ನಿಮ್ಮ ದಾರ, ಒಂದು ಟಾರ್ಚ್. ಮಾರುವವರು ಇಡುವ ಬಟ್ಟೆ ತುಂಡಿನ ಮೇಲೆ ಎಲ್ಲ ಮಷಿನ್‌ಗಳೂ ಚೆನ್ನಾಗಿಯೇ ಹೊಲಿಯುತ್ತವೆ.

ಮೊದಲು ಕರೆಂಟ್ ಬಂದ್ ಮಾಡಿಸಿ, ಕೈಯಿಂದ ಹ್ಯಾಂಡ್‌ವೀಲ್ ನಿಮ್ಮ ಕಡೆಗೆ ನಿಧಾನ ತಿರುಗಿಸಿ. ಪೂರ್ತಿ ಸುತ್ತು ಒಂದೇ ಹದದಲ್ಲಿ ಬರಬೇಕು. ಪ್ರತಿ ಸುತ್ತಿಗೂ ಅದೇ ಜಾಗದಲ್ಲಿ ಹಿಡಿದರೆ ಏನೋ ಬಾಗಿದೆ, ಇಲ್ಲವೇ ಹುಕ್‌ನಲ್ಲಿ ದಾರ ಸಿಕ್ಕಿದೆ. ಎಲ್ಲ ಕಡೆ ಒಂದೇ ಸಮ ಬಿಗಿ ಇದ್ದರೆ ಹೆದರಬೇಡಿ, ಅದು ಒಣಗಿ ಅಂಟಾದ ಎಣ್ಣೆ. ತೊಳೆದರೆ ಹೋಗುತ್ತದೆ.

ಸೂಜಿ ಹಿಡಿಯುವ ಕಂಬಿಯನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿ. ವಾಕಿಂಗ್ ಫುಟ್‌ನಲ್ಲಿ ಆ ಕಂಬಿ ಹಿಂದೆ-ಮುಂದೆ ತೂಗುವುದು ಸಹಜ, ಆದರೆ ಅಡ್ಡಕ್ಕೆ ಲಟಲಟ ಅನ್ನಬಾರದು. ಆಮೇಲೆ ತಗಡಿನ ಪಕ್ಕದ ಮುಚ್ಚಳ ಸರಿಸಿ ಹುಕ್‌ನ ಮೊನೆಗೆ ಟಾರ್ಚ್ ಬಿಡಿ. ಮೊನೆ ಮುರಿದಿದ್ದರೆ, ಚಪ್ಪಟೆಯಾಗಿದ್ದರೆ ಹೊಸ ಹುಕ್ಕಿನ ಬೆಲೆ ಕಳೆದು ಮಾತಾಡಿ. ಸಣ್ಣ ಗೀರುಗಳಿದ್ದರೆ ಮನೆಯಲ್ಲಿ ಉಜ್ಜಿ ತೆಗೆಯಬಹುದು.

ಇಲ್ಲೊಂದು ಗುಟ್ಟು ಇದೆ. ನನ್ನ ಈಗಿನ ಮಷಿನ್ ನನಗೆ ಅಗ್ಗಕ್ಕೆ ಸಿಕ್ಕಿದ್ದೇ ಇದರಿಂದ. ಅದು ಡಿಎನ್‌ಯು-1541ಎಸ್. "ಟೈಮಿಂಗ್ ಪೂರ್ತಿ ಹೋಗಿದೆ, ಹೊಲಿಗೆಯೇ ಬೀಳುವುದಿಲ್ಲ" ಎಂದು ಮೂಲೆಗೆ ತಳ್ಳಿದ್ದರು. ತಿರುಗಿಸಿ ನೋಡಿದರೆ ಸೂಜಿ ಮೇಲೆ-ಕೆಳಗೆ ಹೋಗುತ್ತಿದೆ, ಹುಕ್ ಮಾತ್ರ ಕದಲುತ್ತಿಲ್ಲ. ಇಂಥ ಕೆಲವು ಮಷಿನ್‌ಗಳಲ್ಲಿ ಸೇಫ್ಟಿ ಕ್ಲಚ್ ಎಂಬುದೊಂದು ಇರುತ್ತದೆ. ಹುಕ್‌ನಲ್ಲಿ ದಪ್ಪ ದಾರ ಸಿಕ್ಕಿಕೊಂಡಾಗ ಏನೂ ಮುರಿಯದಿರಲಿ ಎಂದು ಅದು ತಾನೇ ಬಿಟ್ಟುಕೊಳ್ಳುತ್ತದೆ. ಸಿಕ್ಕ ದಾರ ತೆಗೆದು, ಕ್ಲಚ್‌ನ ಗುಂಡಿ ಒತ್ತಿ ಹಿಡಿದು, ಹ್ಯಾಂಡ್‌ವೀಲ್‌ಅನ್ನು ಹಿಂದಕ್ಕೆ ಬಲವಾಗಿ ತಿರುಗಿಸಿದರೆ ಟಕ್ ಎಂದು ಮತ್ತೆ ಕೂರುತ್ತದೆ. ನಾನು ಅಂಗಡಿಯಲ್ಲಿ ಆ ಟಕ್ ಕೇಳಿಸಲಿಲ್ಲ. ದುಡ್ಡು ಕೊಟ್ಟು ಮನೆಗೆ ತಂದ ಮೇಲೆ ಕೇಳಿಸಿಕೊಂಡೆ. ಇದು ಸರಿಯೋ ತಪ್ಪೋ ನೀವೇ ಹೇಳಿ.

ಕೊನೆಗೆ ಮೋಟರಿನ ತಗಡು ಓದಿ. ಗಾರ್ಮೆಂಟ್ ಯುನಿಟ್‌ಗಳ ಮೋಟರ್ ಎಷ್ಟೋ ಸಲ ತ್ರೀ ಫೇಸ್, 415 ವೋಲ್ಟ್. ನಿಮ್ಮ ಮನೆಯಲ್ಲಿರುವುದು ಸಿಂಗಲ್ ಫೇಸ್, 230 ವೋಲ್ಟ್. ಆ ಮೋಟರ್ ಮನೆಯಲ್ಲಿ ಓಡುವುದಿಲ್ಲ. ತಲೆ (ಟೇಬಲ್ ಮೇಲೆ ಕೂರುವ ಮಷಿನ್) ಮತ್ತು ಟೇಬಲ್ಲಿಗೆ ಮಾತ್ರ ಬೆಲೆ ಕಟ್ಟಿ.

ತರುವುದು, ಕೂರಿಸುವುದು

ಬಿಚ್ಚುವ ಮೊದಲು ಮೊಬೈಲಿನಲ್ಲಿ ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ. ದಾರ ಹಾದುಹೋದ ದಾರಿ, ಬೆಲ್ಟ್, ಮೊಣಕಾಲಿನ ಕಡ್ಡಿ, ಪೆಡಲ್ಲಿನ ಸರಳು. ತಲೆಯೇ 35 ಕೆಜಿ ಆಸುಪಾಸು ಇರುತ್ತದೆ. ಇಬ್ಬರು ಎತ್ತಿ. ಹ್ಯಾಂಡ್‌ವೀಲ್ ಹಿಡಿದು, ಸೂಜಿ ಕಂಬಿ ಹಿಡಿದು ಎತ್ತಬಾರದು.

ನಮ್ಮ ಮನೆಗಳ ನೆಲ ಶಹಾಬಾದ್ ಕಲ್ಲಿನದು. ತಂಪೇನೋ ಹೌದು, ಆದರೆ ಹಳೇ ಮನೆಗಳಲ್ಲಿ ಒಂದು ಪರಸಿ ಮೇಲೆ, ಪಕ್ಕದ್ದು ಕೆಳಗೆ. ಸ್ಟ್ಯಾಂಡ್ ಒಂದು ಕಾಲು ಎತ್ತಿ ನಿಂತರೆ ಮಷಿನ್ ಓಡುವಾಗ ಇಡೀ ಟೇಬಲ್ ನಡೆಯಲು ಶುರು ಮಾಡುತ್ತದೆ. ಹಳೇ ಟೈರಿನ ತುಂಡು ಕತ್ತರಿಸಿ ನಾಲ್ಕೂ ಕಾಲಿಗೆ ಇಡಿ. ಗಿಡ್ಡ ಕಾಲಿಗೆ ಎರಡು ಪದರ. ಸ್ಟ್ಯಾಂಡಿನ ಬೋಲ್ಟ್‌ಗಳನ್ನು ಮಷಿನ್ ಕೂರಿಸಿದ ಮೇಲೆ ಇನ್ನೊಮ್ಮೆ ಬಿಗಿ ಮಾಡಿ. ಬೇರೆ ಮಷಿನ್‌ನ ಟೇಬಲ್ ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ. ಹಲಗೆಯಲ್ಲಿ ಕೊರೆದ ಕಿಂಡಿಯ ಅಳತೆ ಒಂದೊಂದಕ್ಕೆ ಒಂದೊಂದು ಥರ.

ತೊಳೆಯುವುದು, ಎಣ್ಣೆ ಬಿಡುವುದು

ತಗಡಿನ ಸ್ಕ್ರೂ ಬಿಚ್ಚಿ. ಹಲ್ಲಿನ ಸಂದಿಯಲ್ಲಿ ಕಂಬಳಿಯ ಹಾಗೆ ಗಟ್ಟಿಯಾದ ಧೂಳು ಸಿಗುತ್ತದೆ. ಬ್ರಷ್, ಚಿಮಟದಿಂದ ತೆಗೆಯಿರಿ. ಊದಬೇಡಿ, ಒಳಗೆ ಹೋಗುತ್ತದೆ. ಆಮೇಲೆ ಸೀಮೆಎಣ್ಣೆ. ಎಣ್ಣೆ ಬಿಡುವ ತೂತುಗಳಿಗೆಲ್ಲ ಎರಡೆರಡು ಹನಿ ಬಿಟ್ಟು ಕೈಯಿಂದ ಐವತ್ತು ಸುತ್ತು ತಿರುಗಿಸಿ. ಕಂದು ಬಣ್ಣದ ಜಿಡ್ಡು ಇಳಿಯುತ್ತದೆ. ಒರೆಸಿ, ಮತ್ತೆ ಬಿಡಿ. ಒಂದು ರಾತ್ರಿ ಹಾಗೇ ಇರಲಿ. ಬೆಳಿಗ್ಗೆ ತಿರುಗಿಸಿದರೆ ಬೇರೆ ಮಷಿನ್ ಅನಿಸುತ್ತದೆ. ಬೀಡಿ, ಊದಿನಕಡ್ಡಿ, ಗ್ಯಾಸ್ ಒಲೆ ಹತ್ತಿರ ಈ ಕೆಲಸ ಬೇಡ.

ಸೀಮೆಎಣ್ಣೆ ತೊಳೆಯಲು ಮಾತ್ರ, ಓಡಿಸಲು ಅಲ್ಲ. ಅದು ಒಣಗಿದ ಮೇಲೆ ಹೊಲಿಗೆ ಮಷಿನ್‌ನ ತೆಳು ಬಿಳಿ ಎಣ್ಣೆ ಬಿಡಿ. ಕೊಬ್ಬರಿ ಎಣ್ಣೆ ಬಿಡುವವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದು ಕೆಲವೇ ತಿಂಗಳಲ್ಲಿ ಅಂಟಾಗುತ್ತದೆ. ನೀವು ಈಗ ತಾನೇ ತೊಳೆದದ್ದು ಅಂಥ ಜಿಡ್ಡನ್ನೇ. ಹಳೇ ಮಾದರಿಗಳಲ್ಲಿ ಹುಕ್‌ಗೆ ದಿನಕ್ಕೆ ಒಂದು ಹನಿ ಕೈಯಿಂದಲೇ ಬಿಡಬೇಕು. ಮೇ ತಿಂಗಳಲ್ಲಿ ನಮ್ಮ ಊರು 42, 43 ಡಿಗ್ರಿ ಮುಟ್ಟಿದಾಗ ಎಣ್ಣೆ ನೀರಾಗಿ ಸೂಜಿ ಕಂಬಿಯಿಂದ ಇಳಿಯುತ್ತದೆ. ಆಗ ಕಡಿಮೆ ಬಿಡಿ, ಜಾಸ್ತಿ ಸಲ ಬಿಡಿ.

ಹುಕ್‌ನ ಮೇಲೆ, ತಗಡಿನ ತೂತಿನ ಅಂಚಿನಲ್ಲಿ ಉಗುರು ಆಡಿಸಿ. ಉಗುರು ಎಲ್ಲಿ ತಡೆಯುತ್ತದೋ ಅಲ್ಲಿ ದಾರ ಹರಿಯುತ್ತದೆ. 1000 ನಂಬರಿನ ಎಮೆರಿ ಕಾಗದದಿಂದ ಹಗುರ ಉಜ್ಜಿ. ಮೊನೆಯ ಚೂಪು ಕಳೆಯಬೇಡಿ.

ವೇಗ ಇಳಿಸುವುದು

ಹೊಸಬರ ತೊಗಲು ಹಾಳಾಗುವುದು ವೇಗದಿಂದ. ಲೆಕ್ಕ ಸುಲಭ. ಮೋಟರಿನ ಸುತ್ತನ್ನು ಮೋಟರ್ ಪುಲ್ಲಿಯ ಅಳತೆಯಿಂದ ಗುಣಿಸಿ, ಹ್ಯಾಂಡ್‌ವೀಲ್ ಪುಲ್ಲಿಯ ಅಳತೆಯಿಂದ ಭಾಗಿಸಿ. ಸ್ವಿಚ್ ಹಾಕಿದ ಮೇಲೆ ಸದಾ ತಿರುಗುತ್ತಲೇ ಇರುವ ಹಳೇ ಕ್ಲಚ್ ಮೋಟರ್ ನಿಮಿಷಕ್ಕೆ ಸುಮಾರು 2,850 ಸುತ್ತು. ಅದರ ಪುಲ್ಲಿ 75 ಮಿಮೀ, ಹ್ಯಾಂಡ್‌ವೀಲ್‌ದು 100 ಮಿಮೀ ಇದ್ದರೆ ನಿಮಿಷಕ್ಕೆ 2,137 ಹೊಲಿಗೆ. ಅಂದರೆ ಸೆಕೆಂಡಿಗೆ 35. ಹೊಲಿಗೆ 3.5 ಮಿಮೀ ಇಟ್ಟಿದ್ದರೆ ಸೆಕೆಂಡಿಗೆ 12 ಸೆಂಮೀ ತೊಗಲು ಓಡುತ್ತದೆ. ಒಂದು ಮೀಟರ್ ಬೆಲ್ಟ್ ಎಂಟು ಸೆಕೆಂಡಿನಲ್ಲಿ ಮುಗಿಯುತ್ತದೆ, ಅದರ ಜೊತೆಗೆ ನಿಮ್ಮ ಬೆರಳೂ. ಕ್ಲಚ್ ಮೋಟರ್‌ನಲ್ಲಿ ಅರ್ಧ ಪೆಡಲ್ ಒತ್ತಿ ನಿಧಾನ ಓಡಿಸುವ ಉಸ್ತಾದರು ಇದ್ದಾರೆ. ಅದಕ್ಕೆ ವರ್ಷಗಳ ಕಾಲು ಬೇಕು.

ಸುಮ್ನೆ ಸರ್ವೋ ಮೋಟರ್ ಹಾಕಿಸಿ. ಸಿಂಗಲ್ ಫೇಸ್, 550 ವ್ಯಾಟ್ ಸಾಕು. ಒತ್ತಿದಷ್ಟೇ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ, ಸುಮ್ನೆ ನಿಂತಾಗ ಸದ್ದಿಲ್ಲ, ಕರೆಂಟೂ ಉಳಿತಾಯ. ಅದರಲ್ಲಿ ಮಿತಿ ಇಡುವ ಗುಂಡಿ ಇರುತ್ತದೆ. ಮೊದಲ ತಿಂಗಳು ನಿಮಿಷಕ್ಕೆ 200-300 ಹೊಲಿಗೆಗಿಂತ ಮೇಲೆ ಹೋಗದ ಹಾಗೆ ಕಟ್ಟಿಹಾಕಿ.

ಆದರೆ ಸರ್ವೋಗೂ ಒಂದು ಕೊರತೆ ಇದೆ. ತೀರ ನಿಧಾನ ಓಡಿಸಿದಾಗ ಬಲ ಸಾಲದೆ ದಪ್ಪ ತೊಗಲಲ್ಲಿ ಸೂಜಿ ಅರ್ಧಕ್ಕೆ ನಿಂತು ಗುಂಯ್ ಅನ್ನುತ್ತದೆ. ಆಗ ಮೋಟರ್ ಪುಲ್ಲಿ ಚಿಕ್ಕದು ಮಾಡಿ. 45 ಮಿಮೀ ಪುಲ್ಲಿ ಸಿಗುತ್ತದೆ. ಸೈಕಲ್ಲಿನ ಗೇರ್ ಹಾಗೆಯೇ, ವೇಗ ಇಳಿದಷ್ಟು ಬಲ ಏರುತ್ತದೆ. ಅದೂ ಸಾಲದಿದ್ದರೆ ಮಧ್ಯೆ ಒಂದಕ್ಕೆ ಮೂರರ ಸ್ಪೀಡ್ ರಿಡ್ಯೂಸರ್ ಕೂರಿಸಬಹುದು. 8 ಮಿಮೀ ಪಟ್ಟಿ ಹೊಲಿಯುವವರಿಗೆ ಮಾತ್ರ ಅದು ಬೇಕಾದೀತು. ಪುಲ್ಲಿ ಬದಲಾದರೆ ಮೋಟರ್ ಬೆಲ್ಟಿನ ಉದ್ದವೂ ಬದಲಾಗುತ್ತದೆ, ಮರೆಯಬೇಡಿ. ಬೆಲ್ಟನ್ನು ನಡುವೆ ಬೆರಳಲ್ಲಿ ಒತ್ತಿದರೆ ಒಂದು, ಒಂದೂವರೆ ಸೆಂಮೀ ಒಳಗೆ ಹೋಗಬೇಕು.

ಹ್ಯಾಂಡ್‌ವೀಲಿನ ಮೇಲ್ಭಾಗ ನಿಮ್ಮ ಕಡೆಗೆ ತಿರುಗಬೇಕು. ಉಲ್ಟಾ ತಿರುಗಿದರೆ ಕೂಡಲೇ ಬಂದ್ ಮಾಡಿ, ಮೋಟರಿನ ದಿಕ್ಕು ಬದಲಿಸಿ. ಅರ್ಥಿಂಗ್ ಇಲ್ಲದ ಪ್ಲಗ್ಗಿಗೆ ಹಾಕಬೇಡಿ. ಮಷಿನ್ ಪೂರ್ತಿ ಕಬ್ಬಿಣ, ನಿಮ್ಮ ಕೈ ಇಡೀ ದಿನ ಅದರ ಮೇಲೆ. ಕ್ಲಚ್ ಮೋಟರ್ ಇಟ್ಟುಕೊಂಡವರು ಇದನ್ನು ಗೋಡೆಗೆ ಬರೆದು ಹಾಕಿ: ಸ್ವಿಚ್ ಆರಿಸಿದ ಮೇಲೂ ಅದರ ಗಾಲಿ ಸ್ವಲ್ಪ ಹೊತ್ತು ತಿರುಗುತ್ತಿರುತ್ತದೆ. ಆಗ ಕಾಲು ತಾಗಿದರೆ ಸೂಜಿ ಇಳಿಯುತ್ತದೆ. ಆರಿಸಿ, ಪೆಡಲ್ ಒತ್ತಿ ಪೂರ್ತಿ ನಿಲ್ಲಿಸಿ, ಆಮೇಲೆ ಸೂಜಿ ಹತ್ತಿರ ಕೈ ಹಾಕಿ.

ಸೂಜಿ ಮತ್ತು ದಾರ

ಹೊಲಿಗೆ ತಪ್ಪುತ್ತಿದೆ ಎಂದು ನನ್ನ ಹತ್ತಿರ ಬರುವವರಿಗೆ ನಾನು ಮೊದಲು ಹೇಳುವುದು ಸೂಜಿ ಬದಲಿಸಿ ಅಂತ. ಹೊಸ ಸೂಜಿ ಒಂದು ಚಹಾದ ಖರ್ಚು.

ಮೊದಲು ಸೂಜಿಯ ಜಾತಿ. ಡಿಡಿಎಲ್‌ಗೆ ಡಿಬಿ×1. ವಾಕಿಂಗ್ ಫುಟ್ ಜೂಕಿಗಳಿಗೆ ಬಟ್ಟೆ ಮೊನೆಯದು 135×17, ತೊಗಲು ಮೊನೆಯದು 135×16. ಉದ್ದ ಬೇರೆ ಇರುವ ಸೂಜಿ ಹಾಕಿದರೆ ಟೈಮಿಂಗ್ ಸರಿಯಿದ್ದರೂ ಹುಕ್‌ಗೆ ದಾರ ಸಿಗುವುದಿಲ್ಲ. ತೊಗಲು ಮೊನೆಯ ಸೂಜಿ ಸಣ್ಣ ಚಾಕುವಿನ ಹಾಗೆ ಸೀಳಿಕೊಂಡು ಹೋಗುತ್ತದೆ. ಬಟ್ಟೆ ಸೂಜಿ ಎಳೆಗಳನ್ನು ಸರಿಸಿ ಹೋಗುವಂಥದ್ದು, ತೊಗಲಲ್ಲಿ ಸರಿಸಲು ಎಳೆ ಎಲ್ಲಿದೆ? ಎಲ್‌ಆರ್ ಎಂದು ಬರೆದ ಮೊನೆ ಓರೆಯಾಗಿ ಸೀಳುತ್ತದೆ. ಹೊಲಿಗೆ ಸ್ವಲ್ಪ ವಾಲಿ ಬೀಳುತ್ತದೆ, ಪರ್ಸಿನ ಮೇಲೆ ನೋಡಲು ಚೆಂದ. ಒಳಗೆ ಕ್ಯಾನ್ವಾಸ್ ಅಸ್ತರ್ ಜಾಸ್ತಿ ಇದ್ದರೆ ಬಟ್ಟೆ ಮೊನೆಯೇ ಮೇಲು.

ದಾರದಲ್ಲಿ ಬಾಂಡೆಡ್ ನೈಲಾನ್ ಕೇಳಿ. ಎಳೆಗಳು ಬಿಚ್ಚದಂತೆ ಅಂಟು ಲೇಪಿಸಿರುತ್ತಾರೆ. ಬಿಸಿಲಿಗೆ ನಿಲ್ಲುವ ವಸ್ತು, ಅಂದರೆ ಬೈಕ್ ಸೀಟ್ ಕವರ್, ಹೊಲದಲ್ಲಿ ಹಾಕುವ ಚಪ್ಪಲಿ ಇಂಥವಕ್ಕೆ ಪಾಲಿಯೆಸ್ಟರ್ ದಾರ ಒಳ್ಳೆಯದು. ಬಿಸಿಲು ನೈಲಾನನ್ನು ಬೇಗ ತಿನ್ನುತ್ತದೆ. ನಮ್ಮ ಬಿಸಿಲಿನ ಬಗ್ಗೆ ನಿಮಗೆ ಹೇಳಬೇಕೇ?

ದಾರದ ದಪ್ಪ ಹೇಳಲು ರೀಲಿನ ಮೇಲೆ ಟಿಕೆಟ್ ನಂಬರ್ ಇರುತ್ತದೆ, ಕೆಲವದರಲ್ಲಿ ಟೆಕ್ಸ್ ಎಂಬ ಇನ್ನೊಂದು ಅಳತೆ. 3,000ವನ್ನು ಟೆಕ್ಸ್‌ನಿಂದ ಭಾಗಿಸಿದರೆ ಸುಮಾರಾಗಿ ಟಿಕೆಟ್ ಬರುತ್ತದೆ. ಅಂದರೆ ಟಿಕೆಟ್ ಕಡಿಮೆ ಇದ್ದಷ್ಟು ದಾರ ದಪ್ಪ. ಪರ್ಸಿಗೆ ಟಿಕೆಟ್ 40, ಅದಕ್ಕೆ 18 ನಂಬರ್ ಸೂಜಿ. ಬ್ಯಾಗಿಗೆ ಟಿಕೆಟ್ 30, ಸೂಜಿ 19 ಅಥವಾ 20. ಬೆಲ್ಟಿಗೆ ಟಿಕೆಟ್ 20, ಸೂಜಿ 22. ಈ ಮೂರು ಜೋಡಿಯಲ್ಲೇ ನನ್ನ ಕೆಲಸ ಬಹುಪಾಲು ಮುಗಿಯುತ್ತದೆ. ಹೊಂದುತ್ತದೋ ಇಲ್ಲವೋ ನೋಡಲು ಒಂದು ಉಪಾಯ. ಸೂಜಿಯ ಕಣ್ಣಲ್ಲಿ ಮೊಳದುದ್ದ ದಾರ ಪೋಣಿಸಿ, ದಾರವನ್ನು ಓರೆಯಾಗಿ ಬಿಗಿ ಹಿಡಿಯಿರಿ. ಸೂಜಿ ತನ್ನ ಭಾರಕ್ಕೇ ಜಾರಿ ಇಳಿಯಬೇಕು. ನಿಂತರೆ ಸೂಜಿ ಸಣ್ಣದಾಯಿತು.

ಸೂಜಿಗೆ ಒಂದು ಬದಿ ಉದ್ದ ಕಾಲುವೆ ಇರುತ್ತದೆ, ಇನ್ನೊಂದು ಬದಿ ಕಣ್ಣಿನ ಮೇಲೆ ಸಣ್ಣ ತಗ್ಗು. ತಗ್ಗು ಹುಕ್ ಕಡೆಗೆ, ದಾರ ಹೋಗುವುದು ಕಾಲುವೆ ಕಡೆಯಿಂದ. ಸೂಜಿಯನ್ನು ಮೇಲಕ್ಕೆ ತಡೆಯುವವರೆಗೆ ತಳ್ಳಿ ಬಿಗಿ ಮಾಡಿ. ಅರ್ಧ ಮಿಮೀ ಕೆಳಗಿದ್ದರೂ ಇಡೀ ದಿನ ಟೆನ್ಷನ್ ತಿರುವುತ್ತಾ ಕೂರುತ್ತೀರಿ.

ಪಾದ ಮತ್ತು ಹಲ್ಲು

ಬಟ್ಟೆಗಿಟ್ಟ ಹಲ್ಲು ತೊಗಲಿನ ಹಿಂಬದಿಯಲ್ಲಿ ಇಲಿ ಕಡಿದ ಹಾಗೆ ಗುರುತು ಬಿಡುತ್ತದೆ. ನುಣುಪು ಹಲ್ಲು, ನುಣುಪು ಪಾದಗಳ ಸೆಟ್ ಕೇಳಿ ತನ್ನಿ. ವಾಕಿಂಗ್ ಫುಟ್‌ನಲ್ಲಿ ಎಳೆಯುವ ಕೆಲಸ ಸೂಜಿಯೂ ಮಾಡುವುದರಿಂದ ಹಲ್ಲು ಚೂಪಿರಬೇಕಿಲ್ಲ.

ಎರಡೂ ಪಾದ ಸಮ ಎತ್ತರಕ್ಕೆ ಏಳುತ್ತವೆಯೇ ನೋಡಿ. ಒಂದು ಜಾಸ್ತಿ ಎದ್ದು ಇನ್ನೊಂದು ನೆಲ ಬಿಡದಿದ್ದರೆ, ತೊಗಲು ಎರಡು ಪದರದಿಂದ ನಾಲ್ಕು ಪದರಕ್ಕೆ ಹತ್ತುವ ಕಡೆ ಹೊಲಿಗೆ ಕುಗ್ಗುತ್ತದೆ. ಒತ್ತಡದ ಸ್ಕ್ರೂ ಬಗ್ಗೆ ಇಷ್ಟೇ: ಸೂಜಿ ಮೇಲೆ ಬರುವಾಗ ತೊಗಲು ಅದರ ಜೊತೆ ಮೇಲೇಳಬಾರದು. ಎದ್ದರೆ ಹೊಲಿಗೆ ತಪ್ಪುತ್ತದೆ. ಏಳದಷ್ಟು ಬಿಗಿ ಸಾಕು, ಅದರ ಮೇಲೆ ಬಿಗಿದರೆ ಪಾದದ ಗುರುತು ಬೀಳುತ್ತದೆ.

ಟೆನ್ಷನ್

ಯಾವಾಗಲೂ ಕೆಳಗಿನಿಂದ ಶುರು ಮಾಡಿ. ಬಾಬಿನ್ ದಾರ ಎಳೆದರೆ ಹಗುರ ತಡೆ ಇರಬೇಕು, ಜರ್ಕ್ ಇರಬಾರದು. ಬಾಬಿನ್ ಕೇಸಿನ ಸಣ್ಣ ಸ್ಕ್ರೂ ಒಮ್ಮೆಗೆ ಎಂಟರಲ್ಲಿ ಒಂದು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ. ಅದು ಬಿದ್ದರೆ ಶಹಾಬಾದ್ ಪರಸಿಯ ಸಂದಿಗೆ ಹೋಗುತ್ತದೆ, ಸಿಗುವುದಿಲ್ಲ. ಅನುಭವದ ಮಾತು.

ಆಮೇಲೆ ಮೇಲಿನದು. ಎರಡು ದಾರಗಳ ಗಂಟು ತೊಗಲಿನ ದಪ್ಪದ ನಡುವೆ ಅಡಗಬೇಕು. ಕೆಳಗೆ ಕುಣಿಕೆ ಕಂಡರೆ ಮೇಲಿನ ದಾರ ಸಡಿಲ. ಜನ ಇಲ್ಲಿ ಬಾಬಿನ್ ತಿರುವಲು ಹೋಗುತ್ತಾರೆ, ಅದು ತಪ್ಪು. ದಾರ ಟೆನ್ಷನ್ ಬಿಲ್ಲೆಗಳ ನಡುವೆ ಸರಿಯಾಗಿ ಕೂತಿದೆಯೇ ಮೊದಲು ನೋಡಿ. ಮೇಲೆ ಗಂಟು ಕಂಡರೆ ಮೇಲಿನದು ಬಿಗಿ. ತೆಳು ಪರ್ಸಿಗೆ ಬೆಲ್ಟಿನ ದಾರ ಹಾಕಿದರೆ ಗಂಟು ಅಡಗಲು ಜಾಗವೇ ಇರುವುದಿಲ್ಲ. ಅದು ಟೆನ್ಷನ್ ಕಾಯಿಲೆ ಅಲ್ಲ, ದಾರ ತೆಳು ಮಾಡಿ. ರೀಲ್ ಸ್ಟ್ಯಾಂಡಿನಲ್ಲಿ ದಾರ ನೆಟ್ಟಗೆ ಮೇಲಕ್ಕೇ ಎದ್ದು ಹೋಗಬೇಕು, ಅಡ್ಡಕ್ಕೆ ಎಳೆದರೆ ಹುರಿ ಬಿಚ್ಚುತ್ತದೆ.

ಟೈಮಿಂಗ್, ಕೊನೆಗೂ

ಹೊಸ ಸೂಜಿ, ಸರಿಯಾದ ದಾರ, ಸೇಫ್ಟಿ ಕ್ಲಚ್ ಕೂತಿದೆ, ಆದರೂ ಹೊಲಿಗೆ ತಪ್ಪುತ್ತಿದೆ. ಈಗ ಮಾತ್ರ ಇದಕ್ಕೆ ಕೈ ಹಾಕಿ. ಮಷಿನ್ ಪ್ಲಗ್ಗಿನಿಂದ ಕಳಚಿ, ತಗಡು ಬಿಚ್ಚಿ.

ಹೊಲಿಗೆ ಹುಟ್ಟುವುದು ಹೀಗೆ. ಸೂಜಿ ಪೂರ್ತಿ ಕೆಳಗಿಳಿದು ತುಸು ಮೇಲೇಳುವಾಗ ದಾರ ಹಿಂದುಳಿದು ತಗ್ಗಿನ ಪಕ್ಕ ಸಣ್ಣ ಕುಣಿಕೆಯಾಗುತ್ತದೆ. ಅದೇ ಕ್ಷಣಕ್ಕೆ ಹುಕ್‌ನ ಮೊನೆ ಬಂದು ಅದನ್ನು ಎತ್ತಿಕೊಳ್ಳಬೇಕು. ವಾಕಿಂಗ್ ಫುಟ್ ಮಷಿನ್‌ಗಳಲ್ಲಿ ಈ ಏರಿಕೆ ಸಾಮಾನ್ಯವಾಗಿ 2ರಿಂದ 2.5 ಮಿಮೀ. ಮ್ಯಾನುಯಲ್‌ನಲ್ಲಿ ನಿಮ್ಮ ಮಾದರಿಯ ಲೆಕ್ಕ ನೋಡಿ, ಅದು ಹೇಳುವ ಹೊಲಿಗೆ ಉದ್ದಕ್ಕೇ ಡಯಲ್ ಇಡಿ.

ಸೂಜಿಯನ್ನು ತೀರ ಕೆಳಗೆ ತಂದು ಕಂಬಿಯ ಮೇಲೆ ಮಾರ್ಕರ್‌ನಿಂದ ಗೆರೆ ಹಾಕಿ. ಅಷ್ಟು ಮಿಮೀ ಮೇಲೇರಿಸಿ. ಈಗ ಹುಕ್‌ನ ಮೊನೆ ಸೂಜಿಯ ನಟ್ಟನಡುವೆ, ಕಣ್ಣಿನ ಮೇಲಂಚಿನಿಂದ ಸುಮಾರು ಒಂದೂವರೆ ಮಿಮೀ ಮೇಲೆ ಇರಬೇಕು. ಮೊನೆಗೂ ಸೂಜಿಗೂ ನಡುವೆ ಒಂದು ತೆಳು ಕಾಗದ ಹೋಗುವಷ್ಟೇ ಸಂದು, 0.05ರಿಂದ 0.1 ಮಿಮೀ. ತಾಗಬಾರದು. ಮೊನೆ ಮುಂಚೆ ಬಂದರೆ, ತಡವಾಗಿ ಬಂದರೆ ಹುಕ್‌ನ ಸ್ಕ್ರೂಗಳನ್ನು ಸ್ವಲ್ಪವೇ ಸಡಿಲಿಸಿ ಸರಿಸಿ. ಎತ್ತರ ತಪ್ಪಿದ್ದರೆ ಸೂಜಿ ಕಂಬಿಯ ಸ್ಕ್ರೂ. ಒಂದೇ ಸಲಕ್ಕೆ ಎರಡನ್ನೂ ಸಡಿಲಿಸಬೇಡಿ. ನನ್ನ ಮೊದಲ ತಿಂಗಳು ಹೋದದ್ದು ಹಾಗೇ. 16 ನಂಬರ್ ಸೂಜಿಗೆ ಕೂರಿಸಿದ್ದ ಮಷಿನ್‌ಗೆ 22 ಹಾಕಿದರೂ ಈ ಸಂದು ಮತ್ತೆ ನೋಡಬೇಕು, ದಪ್ಪ ಸೂಜಿ ಮೊನೆಗೆ ಉಜ್ಜುತ್ತದೆ.

ಕೈ ನಡುಗಿದರೆ ಮಿಸ್ತ್ರಿಯನ್ನು ಕರೆಯಿರಿ. ಆದರೆ ಪಕ್ಕದಲ್ಲೇ ನಿಂತು ನೋಡಿ, ವಿಡಿಯೋ ಮಾಡಿಕೊಳ್ಳಿ.

ಮೊದಲ ಹೊಲಿಗೆಗಳು

ಕನ್ನಡಕ ಹಾಕಿಕೊಳ್ಳಿ. ಪವರ್ ಇಲ್ಲದಿದ್ದರೂ ಪರವಾಗಿಲ್ಲ, ಕಣ್ಣಿಗೆ ಮರೆ ಇರಲಿ. ದಾರ ಇಲ್ಲದೆ, ಗೆರೆ ಹಾಕಿದ ರಟ್ಟಿನ ಮೇಲೆ ಅರ್ಧ ಗಂಟೆ ತೂತು ಹಾಕಿ ಕಾಲು ಪಳಗಿಸಿ. ಆಮೇಲೆ ತೊಗಲು. ಶುರುವಿನಲ್ಲಿ ಎರಡೂ ದಾರದ ತುದಿ ಹಿಡಿದು ಮೂರ್ನಾಲ್ಕು ಹೊಲಿಗೆ ಹಾಕಿ. ಬಿಟ್ಟರೆ ಕೆಳಗೆ ಹಕ್ಕಿಗೂಡು ಕಟ್ಟುತ್ತದೆ.

ಪರ್ಸಿಗೆ 3 ಮಿಮೀ, ಬ್ಯಾಗು-ಬೆಲ್ಟಿಗೆ 4 ಮಿಮೀ ಉದ್ದ ಇಡಿ. ಒತ್ತಾಗಿ ಹಾಕಿದರೆ ಗಟ್ಟಿ ಎಂಬುದು ಬಟ್ಟೆಯ ಮಾತು. ತೊಗಲಲ್ಲಿ ತೂತುಗಳು ಹತ್ತಿರವಾದರೆ ಅಂಚೆ ಚೀಟಿಯ ಹಾಗೆ ಅಲ್ಲೇ ಹರಿಯುತ್ತದೆ. ಮೂಲೆ ತಿರುಗುವಾಗ ಸೂಜಿ ತೀರ ಕೆಳಗಿದ್ದಾಗ ತಿರುಗಿಸಬೇಡಿ. ಹ್ಯಾಂಡ್‌ವೀಲ್‌ನಿಂದ ತುಸು ಮೇಲೆತ್ತಿ, ಹುಕ್ ದಾರ ಹಿಡಿದ ಮೇಲೆ ಪಾದ ಎತ್ತಿ ತಿರುಗಿಸಿ. ಮೂಲೆಯ ಹೊಲಿಗೆ ತಪ್ಪುವುದಿಲ್ಲ. ಪದರ ಅಂಟಿಸಿದ ಸೊಲ್ಯೂಷನ್ ಪೂರ್ತಿ ಒಣಗಿರಲಿ, ಹಸಿ ಇದ್ದರೆ ಸೂಜಿ ಅಂಟಾಗಿ ದಾರ ಹರಿಯುತ್ತದೆ. ಕೊನೆಗೆ ಅದೇ ತೂತುಗಳಲ್ಲಿ ಮೂರು ಹೊಲಿಗೆ ಹಿಂದೆ ಬಂದು, ದಾರ ಕತ್ತರಿಸಿ, ತುದಿಯನ್ನು ಲೈಟರ್‌ಗೆ ತೋರಿಸಿ.

ಬ್ಯಾಗಿನ ಹಿಡಿಕೆ ಕೂರುವ ಜಾಗ ಮಾತ್ರ ನಾನು ಇವತ್ತಿಗೂ ಕೈಯಲ್ಲೇ ಹೊಲಿಯುತ್ತೇನೆ. ಎರಡು ಸೂಜಿಯ ಕೈಹೊಲಿಗೆಯಲ್ಲಿ ಪ್ರತಿ ತೂತಿನಲ್ಲೂ ಎರಡು ದಾರ ಹಾದುಹೋಗುತ್ತವೆ. ಒಂದು ಸವೆದರೂ ಇನ್ನೊಂದು ಹಿಡಿದಿರುತ್ತದೆ. ಮಷಿನ್ ಹೊಲಿಗೆಗೆ ಆ ಗುಣ ಇಲ್ಲ. ಬಸವಕಲ್ಯಾಣದಲ್ಲಿ ಚಪ್ಪಲಿ ಮಾಡುತ್ತಿದ್ದ ಶರಣ ಹರಳಯ್ಯನ ಗವಿ ಇರುವ ಸೀಮೆ ನಮ್ಮದು. ತೊಗಲಿಗೆ ತೂತು ಹಾಕುವ ಆರಿ ಹಿಡಿದ ಕೈಗಳು ಇಲ್ಲಿ ಇನ್ನೂ ಇವೆ, ಹೋಗಿ ಕೂತು ಕಲಿಯಬಹುದು.

ಹೊಂದಿದ ಲೆಕ್ಕಗಳನ್ನು ಡ್ರಾಯರಿನ ಒಳಬದಿ ಮಾರ್ಕರ್‌ನಿಂದ ಬರೆದಿಡಿ. ಯಾವ ತೊಗಲು, ಯಾವ ದಾರ, ಸೂಜಿ ಎಷ್ಟು, ಡಯಲ್ ಎಲ್ಲಿತ್ತು. ಸಂಜೆ ಮುಗಿಸುವಾಗ ಪಾದದ ಕೆಳಗೆ ಒಂದು ರದ್ದಿ ತೊಗಲಿನ ತುಂಡು ಇಟ್ಟು, ಮೇಲೊಂದು ಹಳೇ ಸೊಲ್ಲಾಪುರ ಚಾದರ ಹೊದಿಸಿ. ರಾತ್ರಿ ಇಳಿದ ಎಣ್ಣೆ ಆ ತುಂಡಿಗೆ ಹೋಗುತ್ತದೆ. ಬೆಳಿಗ್ಗೆ ಅದರ ಮೇಲೆಯೇ ಮೊದಲ ಇಪ್ಪತ್ತು ಹೊಲಿಗೆ ಹಾಕಿ. ಕಲೆ ಬೀಳುವುದು ನಿಂತ ಮೇಲೆ ಗಿರಾಕಿಯ ತೊಗಲು ಇಡಿ.